ಬಂದರಿನ ಬಾಯಲ್ಲಿ ಕಾದಿರುವ ಉಬ್ಬಲೆ: ಹಾರುವ ದೋಣಿಯೊಡನೆ ನನ್ನ ಅನುಭವ

ಹೊರಗೆ ಕಡಲು ಎದ್ದಿರುವ ದಿನ ಬಂದರಿನೊಳಗಿನಿಂದ ಹಾರುವ ದೋಣಿಯನ್ನು (ನೀರಿನ ಮೇಲಿಂದಲೇ ಏರಿ, ನೀರಿನ ಮೇಲೆಯೇ ಇಳಿಯುವ ವಿಮಾನವನ್ನು) ಮೇಲೇರಿಸಬೇಕಾದಾಗ ನಾನು ಮೊದಲು ಗಮನಿಸುತ್ತಿದ್ದುದು ಗಾಳಿಯನ್ನಲ್ಲ, ಬಂದರಿನ ಬಾಯಿಯನ್ನು. ಸ್ಥಳೀಯ ಗಾಳಿ ಎಬ್ಬಿಸುವ ಅಲೆಗಳನ್ನು ಗುಡ್ಡವೋ ತಡೆಗೋಡೆಯೋ ತಡೆಯುತ್ತದೆ. ಆದರೆ ದೂರದ ಬಿರುಗಾಳಿಯಿಂದ ಹುಟ್ಟಿದ ಉಬ್ಬಲೆ ಗೋಡೆಯ ತುದಿಯನ್ನು ಬಳಸಿ, ಬಾಗಿ ಒಳಗೆ ನುಗ್ಗುತ್ತದೆ. ಅದರ ಏಣುಗಳ, ಅಂದರೆ ಅಲೆಯ ನೆತ್ತಿಗಳ, ನಡುವಿನ ಅಂತರ ಹೆಚ್ಚಿರುವುದರಿಂದ ಮೇಲಿನಿಂದ ನೀರು ಸಮತಟ್ಟಾಗಿಯೇ ಕಾಣುತ್ತದೆ. ಹಾಗಾಗಿ ದಡದ ಬಂಡೆಯ ಮೇಲೆ ನೀರು ಎಷ್ಟು ಏರಿ ಇಳಿಯುತ್ತಿದೆ, ಲಂಗರು ಹಾಕಿದ ದೋಣಿಗಳು ಹೇಗೆ ತೂಗುತ್ತಿವೆ ಎಂಬುದನ್ನು ಕೆಲ ನಿಮಿಷ ನೋಡದೆ ನಾನು ಎಂಜಿನ್ ಚಾಲೂ ಮಾಡುತ್ತಿರಲಿಲ್ಲ.

ಮೇಲೇರುವ ಓಟ ಪೂರ್ತಿ ಬಂದರಿನ ಮರೆಯ ನೀರಿನಲ್ಲೇ ಮುಗಿಯಬೇಕೆಂಬುದು ನನ್ನ ನಿಯಮವಾಗಿತ್ತು. ದಡದಲ್ಲಿ ಒಂದು ಗುರುತು ಹಿಡಿದು, ಅಲ್ಲಿಗೆ ಮುಟ್ಟುವಷ್ಟರಲ್ಲಿ ವಿಮಾನ ನೀರು ಬಿಡದಿದ್ದರೆ ನಿಲ್ಲಲು ಸಾಕಷ್ಟು ಜಾಗ ಉಳಿಯುವಂತೆ ನೋಡಿಕೊಂಡು ಎಂಜಿನ್ ಬಲವನ್ನು ಹೆಚ್ಚು-ಕಡಿಮೆ ಮಾಡುವ ಥ್ರಾಟಲನ್ನು ಪೂರ್ತಿ ತೆರೆಯುತ್ತಿದ್ದೆ. ಏಕೆಂದರೆ ಹಾರುವ ವೇಗ ಬರುವ ಮೊದಲೇ ಉಬ್ಬಲೆ ವಿಮಾನವನ್ನು ಮೇಲಕ್ಕೆಸೆದರೆ, ಅದು ಮುಂದಿನ ಏಣಿನ ಮೇಲೆ ಮೂಗು ಬಗ್ಗಿಸಿಕೊಂಡು ಬೀಳುತ್ತದೆ. ಮೂಗು ಮೇಲೆ-ಕೆಳಗೆ ಕುಣಿಯಲು ಆರಂಭಿಸಿ ಪ್ರತಿ ಕುಣಿತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಿದ್ದರೆ, ಅದನ್ನು ಬೆನ್ನಟ್ಟಿ ಸರಿಪಡಿಸುವುದಕ್ಕಿಂತ ಥ್ರಾಟಲ್ ಮುಚ್ಚಿ, ನಿಯಂತ್ರಣದ ಸ್ಟಿಕ್ಕನ್ನು ಹಿಂದಕ್ಕೆ ಹಿಡಿದು ನಿಲ್ಲುವುದೇ ಕ್ಷೇಮ. ಜಪಾನಿನ ಯುಎಸ್-2 ಎಂಬ ದೊಡ್ಡ ಹಾರುವ ದೋಣಿ 3 ಮೀಟರ್ ಅಲೆಗಳಲ್ಲೂ ಇಳಿಯಬಲ್ಲದು, ನಿಜ; ಅತಿ ಕಡಿಮೆ ವೇಗದಲ್ಲಿ ಇಳಿಯುವಂತೆಯೇ ಅದನ್ನು ರೂಪಿಸಲಾಗಿದೆ. ನನ್ನ ಚಿಕ್ಕ ವಿಮಾನಕ್ಕೆ ಆ ಶಕ್ತಿಯಿರಲಿಲ್ಲ.

ಅನಿವಾರ್ಯವಾಗಿ ಹೊರಗೆ ಇಳಿಯಬೇಕಾದರೆ, ಸ್ವಲ್ಪ ಅಡ್ಡಗಾಳಿಯನ್ನು ಸಹಿಸಿಕೊಂಡಾದರೂ ಉಬ್ಬಲೆಯ ಏಣಿಗೆ ಸಮಾನಾಂತರವಾಗಿ ಇಳಿಯುವುದು ಲೇಸು. ಒಳಗಿನ ನೀರಿಗೂ ತನ್ನದೇ ಮೋಸವಿದೆ: ಅದು ಕನ್ನಡಿಯಂತಾದಾಗ ಎತ್ತರ ಕಣ್ಣಿಗೆ ಸಿಗುವುದಿಲ್ಲ. ಆಗ ದಡವನ್ನು ಪಕ್ಕದಲ್ಲಿಟ್ಟುಕೊಂಡು, ಎಂಜಿನ್ ಬಲದೊಂದಿಗೆ ನಿಮಿಷಕ್ಕೆ ಸುಮಾರು 150 ಅಡಿಯಂತೆ ಇಳಿಯುತ್ತಾ, ನೀರು ತಾನಾಗಿ ತಗಲುವವರೆಗೆ ಕಾಯುತ್ತಿದ್ದೆ. ಗುಡ್ಡದ ಮರೆಯಲ್ಲಿ ಗಾಳಿ ಒಮ್ಮೆಲೇ ಕೆಳಕ್ಕೆ ಎರಗುವುದರಿಂದ ಅದರ ಬುಡಕ್ಕೆ ತೀರಾ ಹತ್ತಿರ ಹೋಗುತ್ತಿರಲಿಲ್ಲ.

ನೀರಿನ ಮೇಲೆ ಬ್ರೇಕ್ ಇಲ್ಲ. ಎಂಜಿನ್ ಓಡುತ್ತಿರುವಷ್ಟು ಹೊತ್ತು ವಿಮಾನ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ವಿಮಾನವನ್ನು ಕಟ್ಟುವ ತೇಲುಬುರುಡೆಯನ್ನು (ಬೋಯ್) ಸಮೀಪಿಸುವಾಗ ಪಕ್ಕದ ಬಾಗಿಲಿನಿಂದ ಕ್ಯಾನ್ವಾಸಿನ ನೀರಚೀಲವನ್ನು ಇಳಿಬಿಟ್ಟರೆ ಅದು ತುಂಬಿಕೊಂಡು, ಹಗ್ಗ ಜಗ್ಗಿ ಬಿಗಿಯಾಗಿ, ವೇಗ ಇಳಿಯುತ್ತದೆ. ಕಟ್ಟಿದ ಮೇಲೆ ಒಡಲಿನ ಪ್ರತಿ ಕೋಣೆಯ ನೀರನ್ನೂ ಪಂಪ್ ಮಾಡಿ ಅಳೆಯುತ್ತಿದ್ದೆವು. ಯಾವುದಾದರೂ ಒಂದರಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ಕಂಡರೆ, ಸಡಿಲವಾದ ರಿವೆಟ್ಟೋ ಬಿಟ್ಟ ಕೀಲೋ ಸಿಗುವವರೆಗೆ ಮತ್ತೆ ಹಾರುತ್ತಿರಲಿಲ್ಲ.