ಯುಎಸ್‌ಬಿ ವೈರಲ್ಲಿ ಹಾಡು ಹೋಗಲ್ಲ: ಅನಲಾಗ್ ಕಂಪ್ರೆಸರನ್ನು ಕಂಪ್ಯೂಟರಿಂದ ನಡೆಸೋದು ಹೇಗೆ

ಮೊದಲ ದಿನ ನಾನೂ ಪೆಚ್ಚಾದೆ. ಕಲಬುರಗಿಯ ನಮ್ಮ ಪುಟ್ಟ ಸ್ಟುಡಿಯೋಗೆ ಕಂಪ್ಯೂಟರಿಂದ ನಡೆಸುವ ಅನಲಾಗ್ ಕಂಪ್ರೆಸರ್ (ದನಿಯ ಜೋರಾದ ಭಾಗಗಳನ್ನು ತಗ್ಗಿಸುವ ಪೆಟ್ಟಿಗೆ) ಬಂತು. ಯುಎಸ್‌ಬಿ ಚುಚ್ಚಿದೆ, ಅದನ್ನು ನಡೆಸುವ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಕೂರುವ ಪುಟ್ಟ ಪ್ರೋಗ್ರಾಂ) ತೆರೆದೆ, ಮೌಸಲ್ಲಿ ಥ್ರೆಶೋಲ್ಡ್ (ಎಷ್ಟು ಜೋರಾದರೆ ತಗ್ಗಿಸಬೇಕು ಅನ್ನೋ ಗೆರೆ) ತಿರುಗಿಸಿದರೆ ಪೆಟ್ಟಿಗೆ ಮೇಲಿನ ದೀಪಗಳೂ ಜೊತೆಗೇ ಓಡಿದವು. ಹಾಡು ಮಾತ್ರ ಇದ್ದ ಹಾಗೇ ಇತ್ತು. ಆ ವೈರಲ್ಲಿ ಹೋಗೋದು ಬರೀ ಅಪ್ಪಣೆ, ದನಿ ಅಲ್ಲ. ವೆಸ್ ಆಡಿಯೋ, ಬೆಟರ್‌ಮೇಕರ್ ಥರದ ಪೋಲೆಂಡ್ ಪೆಟ್ಟಿಗೆಗಳಲ್ಲಿ ಹೀಗೇ ಜಾಸ್ತಿ. ಮ್ಯಾಕ್‌ಡಿಎಸ್‌ಪಿ ಕಂಪನಿಯ ಎಪಿಬಿ ಅನ್ನೋ ಪೆಟ್ಟಿಗೆಯಲ್ಲಿ ದನಿಯೂ ಥಂಡರ್‌ಬೋಲ್ಟ್ ವೈರಲ್ಲೇ ಹೋಗುತ್ತದೆ, ಅದರ ಮಾತು ಬೇರೆ.

ಹಾಗಾಗಿ ಮೊದಲು ದನಿಗೆ ದಾರಿ ಮಾಡಿ. ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿಗೆ ದನಿ ಒಳಗೆ ಹೊರಗೆ ಮಾಡುವ ಡಬ್ಬಿ) ಔಟ್‌ಪುಟ್ 3 ಮತ್ತು 4ರಿಂದ ಪೆಟ್ಟಿಗೆಗೆ, ಅಲ್ಲಿಂದ ವಾಪಸ್ ಇನ್‌ಪುಟ್ 3 ಮತ್ತು 4ಕ್ಕೆ. ಬ್ಯಾಲೆನ್ಸ್ಡ್ ಕೇಬಲ್ಲೇ (ಹೊರಗಿನ ಸದ್ದು ತಡೆಯುವಂಥದ್ದು) ಹಾಕಿ, ವಾಪಸ್ ಬರೋದು ಲೈನ್ ಇನ್‌ಪುಟ್ಟಿಗೇ ಬರಲಿ, 48 ವೋಲ್ಟ್ ಇರುವ ಮೈಕ್ ಇನ್‌ಪುಟ್ಟಿಗೆ ಬೇಡ. ಇಂಟರ್‌ಫೇಸಿನ ಒಳಗಿನ ಮಿಕ್ಸರಲ್ಲಿ ಇನ್‌ಪುಟ್ 3 ಮತ್ತೆ ಔಟ್‌ಪುಟ್ 3ಕ್ಕೆ ಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ದನಿ ಸುತ್ತಿಕೊಂಡು ಕೂಗುತ್ತದೆ, ಅದಕ್ಕೇ ಮೊದಲ ಸಲ ಸ್ಪೀಕರ್ ಇಳಿಸಿಡಿ.

ಈಗ ತಡ ಅಳೆಯಬೇಕು. ದನಿ ಹೊರಗೆ ಹೋಗಿ ಬರೋಕೆ ಹೊತ್ತು ಹಿಡಿಯುತ್ತದೆ ಅಲ್ವಾ? ರೆಕಾರ್ಡಿಂಗ್ ಸಾಫ್ಟ್‌ವೇರುಗಳಾದ ರೀಪರಲ್ಲಿ ರಿಯಾಇನ್ಸರ್ಟ್, ಲಾಜಿಕಲ್ಲಿ ಐ/ಒ ಪ್ಲಗಿನ್, ಎರಡಕ್ಕೂ ಪಿಂಗ್ (ಒಂದು ಚಿಕ್ಕ ಟಿಕ್ ಸದ್ದು) ಕಳಿಸಿ ಅಳೆಯೋಕೆ ಬರುತ್ತದೆ. 48 ಕಿಲೋಹರ್ಟ್ಸಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ, 312 ಸ್ಯಾಂಪಲ್ ಅಂತ ಬಂದರೆ ಅದು 6.5 ಮಿಲಿಸೆಕೆಂಡ್. ಇದನ್ನು ಸರಿ ಮಾಡದೆ ಮೂಲ ದನಿ ಜೊತೆ ಬೆರೆಸಿದರೆ ಡಬ್ಬದೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ಅಳೆಯುವಾಗ ಪೆಟ್ಟಿಗೆಯನ್ನು ಬೈಪಾಸಲ್ಲಿ (ದನಿಗೆ ಏನೂ ಮಾಡದೆ ಹಾಗೇ ದಾಟಿಸುವಂತೆ) ಇಡಿ. ಬಫರ್ ಸೈಜ್ (ಕಂಪ್ಯೂಟರ್ ದನಿಯನ್ನು ಒಂದು ಸಲಕ್ಕೆ ಎಷ್ಟೆಷ್ಟು ತುಂಡಾಗಿ ತಗೊಳ್ಳುತ್ತೆ ಅನ್ನೋದು) ಬದಲಿಸಿದರೆ ಮತ್ತೆ ಅಳೆಯಿರಿ.

ದನಿಯ ಮಟ್ಟ ಸರಿ ನೋಡೋಕೆ ನಾನು 1 ಕಿಲೋಹರ್ಟ್ಸ್ ಟೋನನ್ನು ಮೈನಸ್ 18 ಡಿಬಿಯಲ್ಲಿ ಕಳಿಸುತ್ತೇನೆ. ಬೈಪಾಸಲ್ಲಿ ಅಷ್ಟೇ ವಾಪಸ್ ಬರಬೇಕು. ಇದನ್ನು ಬಿಟ್ಟರೆ ಜೋರಾಗಿದ್ದದ್ದೇ ಚೆಂದ ಅನಿಸಿ, ಕಂಪ್ರೆಸರ್ ಏನು ಮಾಡಿತು ಅನ್ನೋದೇ ಗೊತ್ತಾಗಲ್ಲ.

ಗುಂಯ್ ಅನ್ನೋ ಸದ್ದು ನಮ್ಮ ಕಡೆ ದೊಡ್ಡ ತಲೆನೋವು. ಯುಎಸ್‌ಬಿ ಹಾಕಿದ ಕೂಡಲೇ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತಿಕೊಂಡಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ, ಆಗದಿದ್ದರೆ ಯುಎಸ್‌ಬಿ ಐಸೊಲೇಟರ್ ಹಾಕಿ. ಅರ್ಥಿಂಗ್ ಪಿನ್ ಮಾತ್ರ ಮುರಿಯಬೇಡಿ, ಯಾರು ಹೇಳಿದರೂ ಸರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ರ‍್ಯಾಕಲ್ಲಿ ಪೆಟ್ಟಿಗೆ ಮೇಲೊಂದು ಯೂನಿಟ್ ಖಾಲಿ ಬಿಡಿ.

ಕೆಲಸ ಶುರು. ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವವರು ಬಂದಾಗ ನಾನು ದಮ್ಮಡಿಗೆ ರೇಶಿಯೋ 3:1 (ಗೆರೆ ದಾಟಿದ 3 ಡಿಬಿಯನ್ನು 1ಕ್ಕೆ ಇಳಿಸೋದು), ಅಟ್ಯಾಕ್ (ತಗ್ಗಿಸೋಕೆ ಹಿಡಿಯುವ ಹೊತ್ತು) 30 ಮಿಲಿಸೆಕೆಂಡ್ ಇಡುತ್ತೇನೆ. ಬೆರಳಿನ ಮೊದಲ ಪೆಟ್ಟು ಹಾಗೇ ದಾಟಲಿ ಅಂತ. ಅಟ್ಯಾಕ್ 1ಕ್ಕೆ ಇಳಿಸಿದರೆ ಚರ್ಮದ ಸದ್ದು ಹೋಗಿ ರಟ್ಟು ತಟ್ಟಿದ ಹಾಗಾಗುತ್ತದೆ. ಸೂಜಿ 3 ಡಿಬಿ ಅಲುಗಿದರೆ ಸಾಕು. ಆಮೇಲೆ ಟ್ರ್ಯಾಕನ್ನು ಪ್ರಿಂಟ್ ಮಾಡಿ, ಅಂದರೆ ಪೆಟ್ಟಿಗೆಯಿಂದ ಬಂದ ದನಿಯನ್ನು ಕಂಪ್ಯೂಟರಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ. ಅನಲಾಗ್ ಆದ್ದರಿಂದ 6 ನಿಮಿಷದ ಪದಕ್ಕೆ 6 ನಿಮಿಷವೇ ಬೇಕು, ನಡುವೆ ಕರೆಂಟ್ ಹೋದರೆ ಮೊದಲಿಂದ. ಯುಪಿಎಸ್ ಇರಲಿ.

1980ರ ದಶಕದ ಎಸ್ಎಸ್ಎಲ್ ಕಂಪನಿಯ ಕನ್ಸೋಲಲ್ಲಿ (ಸ್ಟುಡಿಯೋದ ದೊಡ್ಡ ಮಿಕ್ಸಿಂಗ್ ಮೇಜು) ಹಳೇ ಸೆಟ್ಟಿಂಗ್ ವಾಪಸ್ ತರುವ ಟೋಟಲ್ ರಿಕಾಲ್ ಅಂದರೆ ಪರದೆ ನೋಡಿ ಕೈಯಲ್ಲೇ ಒಂದೊಂದು ನಾಬ್ ತಿರುಗಿಸೋದು. ಈಗ ಪ್ರಾಜೆಕ್ಟ್ ತೆರೆದರೆ ಪೆಟ್ಟಿಗೆ ತಾನೇ ಹಳೇ ಜಾಗಕ್ಕೆ ಬರುತ್ತದೆ. ಆದರೆ ಇಂಟರ್‌ಫೇಸಿನ ಗೇನ್ ನಾಬ್ ಬರಲ್ಲ. ಎರಡು ವಾರ ಆದಮೇಲೆ ಹಾಡಿದವರು ದಮ್ಮಡಿ ಸ್ವಲ್ಪ ಇಳಿಸಿ ಅಂದರು, ತೆರೆದರೆ ಎಲ್ಲವೂ 4 ಡಿಬಿ ಕಮ್ಮಿ. ನಡುವೆ ಯಾರೋ ನಾಬ್ ಮುಟ್ಟಿದ್ದರು. ಅವತ್ತಿಂದ ಪ್ರಿಂಟ್ ಆದ ಕೂಡಲೇ ಮೊಬೈಲಲ್ಲಿ ನಾಬಿನ ಫೋಟೋ ತೆಗೆದು ಪ್ರಾಜೆಕ್ಟ್ ಫೋಲ್ಡರಿಗೇ ಹಾಕುತ್ತೇನೆ.