ಶಾಲೆಗೊಂದು ಮಕ್ಕಳ ವಿಶ್ವಕೋಶ: ಕಟ್ಟುವ ಕ್ರಮ

ವಿಕಿಪೀಡಿಯ ಎಲ್ಲರದೂ ಹೌದು. ಆದರೆ ಅದರ ಬರಹ ಹತ್ತು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದಲ್ಲ. ಈ ಕೊರತೆ ತುಂಬಲೆಂದೇ 2006ರಲ್ಲಿ ಫ್ರೆಂಚ್ ಭಾಷೆಯಲ್ಲಿ ‘ವಿಕಿಡಿಯಾ’ ಶುರುವಾಯಿತು. 8ರಿಂದ 13 ವರ್ಷದವರು ಅದರ ಓದುಗರು. ಜರ್ಮನ್ ಮಕ್ಕಳಿಗೆ 2014ರಲ್ಲಿ ‘ಕ್ಲೆಕ್ಸಿಕಾನ್’ ಬಂತು. ತಜ್ಞರ ಕಡೆಗೆ ಹೊರಳಿದರೆ, 1995ರಿಂದ ನಡೆಯುತ್ತಿರುವ ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶವಿದೆ, ವಿಜ್ಞಾನಿಗಳೇ ಬರೆಯುವ ‘ಸ್ಕಾಲರ್‌ಪೀಡಿಯಾ’ ಇದೆ. ನಮ್ಮಲ್ಲಿ ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ ತಂದಿದ್ದರು. ಆ ಕೆಲಸವನ್ನು ಇವತ್ತು ಕಲಬುರಗಿ, ಬೀದರ್, ಯಾದಗಿರಿಯ ಯಾವುದೇ ಪ್ರೌಢಶಾಲೆ ಒಂದು ಹಳೆಯ ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಇಲ್ಲದೆಯೂ ಮುಂದುವರಿಸಬಹುದು.

ಆ ತಾಣಗಳಿಂದ ಎರಡು ಪದ್ಧತಿಗಳನ್ನು ಎರವಲು ತನ್ನಿ. ಕ್ಲೆಕ್ಸಿಕಾನ್‌ನಲ್ಲಿ ಹೊಸ ಬರಹ ಮೊದಲು ಕರಡಾಗಿ ನಿಂತು, ಪರಿಶೀಲನೆ ಮುಗಿದ ಮೇಲೆ ಕೋಶದೊಳಗೆ ಹೋಗುತ್ತದೆ. ಸ್ಕಾಲರ್‌ಪೀಡಿಯಾದಲ್ಲಿ ಪ್ರತಿ ಲೇಖನಕ್ಕೂ ಹೊಣೆ ಹೊತ್ತ ಪರಿಣತರಿರುತ್ತಾರೆ. ಕರಡು ಮತ್ತು ಹೊಣೆಗಾರ, ಇವೆರಡು ಇಲ್ಲದಿದ್ದರೆ ಉಳಿಯುವುದು ಮಕ್ಕಳು ಅಂಟಿಸಿದ ಕಾಪಿ-ಪೇಸ್ಟ್ ಪುಟಗಳ ರಾಶಿ ಮಾತ್ರ.

ಯಂತ್ರ, ತಂತ್ರಾಂಶ

4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್, ಅದನ್ನು ನಡೆಸಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ, ಒಂದು ಸಾದಾ ವೈಫೈ ರೂಟರ್, 600 ವಿಎ ಯುಪಿಎಸ್ ಸಾಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂಡ ನಡೆಯುತ್ತದೆ. ಆದರೆ ನಮ್ಮ ಮೇ ತಿಂಗಳ ಸೆಕೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದರ ಬಿಸಿ 80 ಡಿಗ್ರಿ ಮುಟ್ಟಿದರೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟ್ ದಿಢೀರನೆ ಹೋದರೆ ಮೆಮೊರಿ ಕಾರ್ಡ್ ಕೆಡುವ ಅಪಾಯವೂ ಇದೆ. ಯುಪಿಎಸ್‌ಗೆ ಹಣವಿಲ್ಲದಿದ್ದರೆ ಬ್ಯಾಟರಿ ಇನ್ನೂ ಬದುಕಿರುವ ಹಳೆಯ ಲ್ಯಾಪ್‌ಟಾಪೇ ಮೇಲು.

ತಂತ್ರಾಂಶವಾಗಿ ‘ಡೋಕುವಿಕಿ’ ಆರಿಸಿಕೊಳ್ಳಿ. ಇದು ಹಲವರು ಸೇರಿ ಬ್ರೌಸರ್‌ನಲ್ಲೇ ಪುಟ ಬರೆದು ತಿದ್ದುವ ‘ವಿಕಿ’ ತಂತ್ರಾಂಶ. ವಿಕಿಪೀಡಿಯ ಬಳಸುವ ‘ಮೀಡಿಯಾವಿಕಿ’ಗೆ ಡೇಟಾಬೇಸ್ ಬೇಕು, ಅದು ಕೆಟ್ಟರೆ ರಿಪೇರಿ ಬಲ್ಲವರು ಬೇಕು. ಡೋಕುವಿಕಿಯಲ್ಲಿ ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ. ‘ಡೇಟಾ’ ಮತ್ತು ‘ಕಾನ್ಫ್’ ಫೋಲ್ಡರ್‌ಗಳನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ನಕಲಿಸಿದರೆ ಬ್ಯಾಕಪ್ ಮುಗಿಯಿತು.

ಪುಟಗಳನ್ನು ಬ್ರೌಸರ್‌ಗೆ ಕಳಿಸುವ ಅಪಾಚೆ ಮತ್ತು ಡೋಕುವಿಕಿಯನ್ನು ನಡೆಸುವ ಪಿಎಚ್‌ಪಿ ಹಾಕಿ, ಡೋಕುವಿಕಿ ಫೋಲ್ಡರನ್ನು ಅಪಾಚೆ ಪುಟಗಳನ್ನು ಹುಡುಕುವ ಫೋಲ್ಡರಿನಲ್ಲಿಟ್ಟು, ಬ್ರೌಸರ್‌ನಲ್ಲಿ ‘ಇನ್‌ಸ್ಟಾಲ್’ ಪುಟ ತೆರೆದು ಹೆಸರು, ಪಾಸ್‌ವರ್ಡ್ ತುಂಬಿ. ಮುಗಿದೊಡನೆ ಆ ಇನ್‌ಸ್ಟಾಲ್ ಕಡತವನ್ನು ಅಳಿಸಿಬಿಡಿ.

ಒಂದೂ ಪುಟ ಬರೆಯುವ ಮೊದಲೇ ಮಾಡಬೇಕಾದ ಬದಲಾವಣೆಯೊಂದಿದೆ. ಡೋಕುವಿಕಿ ಕನ್ನಡ ಶೀರ್ಷಿಕೆಯನ್ನು ಕಡತದ ಹೆಸರಾಗಿ ಮಾಡುವಾಗ ಒಂದೊಂದು ಕನ್ನಡ ಸಂಕೇತವನ್ನೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗಿಸುತ್ತದೆ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಸಂಕೇತಗಳೇ. ಕಡತದ ಹೆಸರಿನ ಮಿತಿ 255 ಬೈಟ್. ಹಾಗಾಗಿ ‘ಮಹಮೂದ್ ಗವಾನ್ ಮದರಸಾ ಕಟ್ಟಿದ್ದು ಯಾರಿಗಾಗಿ’ ಎಂಬಂಥ ಶೀರ್ಷಿಕೆ ಕೊಟ್ಟರೆ ಪುಟ ಉಳಿಯುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಡತದ ಹೆಸರಿನ ಎನ್‌ಕೋಡಿಂಗನ್ನು (ಅಕ್ಷರಗಳನ್ನು ಬರೆದಿಡುವ ಕ್ರಮವನ್ನು) ‘ಯುಟಿಎಫ್-8’ ಎಂದು ಬದಲಿಸಿದರೆ ಒಂದು ಸಂಕೇತಕ್ಕೆ ಮೂರೇ ಬೈಟ್ ಸಾಕು. ಪುಟಗಳು ತುಂಬಿದ ಮೇಲೆ ಬದಲಿಸಿದರೆ ಹಳೆಯವು ಡಿಸ್ಕ್‌ನಲ್ಲಿದ್ದರೂ ವಿಕಿಯ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ‘ಕರಡು’ ಎಂಬ ನೇಮ್‌ಸ್ಪೇಸ್, ಅಂದರೆ ಪುಟಗಳ ಪ್ರತ್ಯೇಕ ವಿಭಾಗ, ಮಾಡಿ. ಮಕ್ಕಳ ಗುಂಪಿಗೆ ಅಲ್ಲಿ ಪುಟ ಸೃಷ್ಟಿಸುವ ಮತ್ತು ಚಿತ್ರ ಏರಿಸುವ ಅನುಮತಿ ಕೊಟ್ಟು, ಮುಖ್ಯ ಕೋಶದಲ್ಲಿ ಓದಲು ಮಾತ್ರ ಬಿಡಿ. ಕರಡಿನಿಂದ ಕೋಶಕ್ಕೆ ಸಾಗಿಸುವುದು ಶಿಕ್ಷಕರ ಕೆಲಸ. ಅದಕ್ಕೆ ‘ಮೂವ್’ ಎಂಬ ಪ್ಲಗಿನ್ (ಡೋಕುವಿಕಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇದೆ. ಒಂದು ಪುಟಕ್ಕೆ ಒಂದೇ ಗುಂಪು ಇರಲಿ. ಯಾರಾದರೂ ತಿದ್ದುತ್ತಿದ್ದರೆ ಡೋಕುವಿಕಿ ಆ ಪುಟಕ್ಕೆ 15 ನಿಮಿಷ ಬೀಗ ಹಾಕುತ್ತದೆ. ‘ನಮ್ಮ ಪುಟ ತೆರೀವಲ್ದು ಸರ್’ ಎಂಬ ದೂರಿನ ಮೂಲ ಬಹುಪಾಲು ಇದೇ.

ಕನ್ನಡದ ತೊಡಕುಗಳು

ಶಾಲೆಗಳಲ್ಲಿ ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಅವನ್ನು ನೇರವಾಗಿ ಅಂಟಿಸಿದರೆ ವಿಕಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಮೊದಲು ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ. ಆದರೂ ಅರ್ಕಾವತ್ತು ಇರುವ ಪದಗಳನ್ನು, ಎರಡು ಒತ್ತಿರುವ ‘ರಾಷ್ಟ್ರ’ದಂಥ ಪದಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕಗಳು ಎಡವುವುದು ಅಲ್ಲೇ. ಶೀರ್ಷಿಕೆಯನ್ನು ಎಲ್ಲಿಂದಲೂ ಅಂಟಿಸದೆ ಕೈಯಾರೆ ಟೈಪ್ ಮಾಡಿ. ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಸೇರಿಕೊಂಡರೆ ಒಂದೇ ಹೆಸರಿನ ಎರಡು ಪುಟಗಳು ಹುಟ್ಟಿಕೊಳ್ಳುತ್ತವೆ.

ಒಂದು ಪುಟ ಬರೆಯುವುದು

ಇಲ್ಲಿ ಆತುರ ಬೇಡ. ಮಕ್ಕಳ ವಿಶ್ವಕೋಶವೆಂದರೆ ದೊಡ್ಡವರ ಲೇಖನವನ್ನು ಕತ್ತರಿಸಿ ಗಿಡ್ಡ ಮಾಡುವುದಲ್ಲ. ಮಗು ಕೇಳುವ ಪ್ರಶ್ನೆಯಿಂದ ಪುಟದ ರಚನೆ ಹುಟ್ಟಬೇಕು. ಬಿದ್ರಿಯನ್ನೇ ತೆಗೆದುಕೊಳ್ಳಿ. ‘ಬಿದ್ರಿ ಕಲೆ ಬಹಮನಿ ಕಾಲದ ಹೆಮ್ಮೆಯ ಪರಂಪರೆ’ ಎಂದು ಆರಂಭಿಸಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಬಿದ್ರಿ ಎಂದರೆ ಬೀದರಿನಲ್ಲಿ ಮಾಡುವ ಕಪ್ಪು ಲೋಹದ ಸಾಮಾನು. ಅದರ ಮೇಲೆ ಬೆಳ್ಳಿಯ ಚಿತ್ತಾರ ಇರುತ್ತದೆ.’ ಮೊದಲ ಎರಡು ವಾಕ್ಯದಲ್ಲಿ ವಸ್ತು ಏನು, ಹೇಗೆ ಕಾಣುತ್ತದೆ, ಎಲ್ಲಿಯದು ಎಂಬುದು ಬಂದಿರಬೇಕು.

ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಲೋಹ ಕಪ್ಪಾದದ್ದು ಹೇಗೆ, ಬೆಳ್ಳಿ ಏಕೆ ಬೆಳ್ಳಗೇ ಉಳಿಯಿತು? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಯ ಮಾಡಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ ಅದರ ಮೇಲೆ ಚಿತ್ರ ಗೀರುತ್ತಾರೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ದ್ರಾವಣ ಸೋಕಿಸಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಏಳನೇ ತರಗತಿಯ ಮಗು ಇಷ್ಟನ್ನು ಗ್ರಹಿಸುತ್ತದೆ. ರಾಜವಂಶಗಳ ಪಟ್ಟಿ ಬೇಕೆಂದವರಿಗೆ ಬೇರೆ ಪುಟವಿರಲಿ.

ಅಳತೆ ನೆನಪಿಡಿ: ಪುಟಕ್ಕೆ 200ರಿಂದ 300 ಪದ, ವಾಕ್ಯಕ್ಕೆ ಹತ್ತು-ಹನ್ನೆರಡು ಪದ, ಪ್ಯಾರಾಕ್ಕೆ ಒಂದೇ ವಿಷಯ. ಹೊಸ ಪದ ಬಂದಲ್ಲೇ ಅರ್ಥ ಹೇಳಿ. ‘ಅದ್ಭುತ’, ‘ವಿಶ್ವವಿಖ್ಯಾತ’ ಇವನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ತೊಗರಿಯ ಪುಟದಲ್ಲಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದು, ನೆಟೆ ರೋಗ ಬಂದರೆ ಹಸಿರು ಗಿಡ ನಿಂತಲ್ಲೇ ಒಣಗುವುದು ಇರಲಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತೆಂಬುದು ಒಂದು ಸಾಲಾದರೆ ಸಾಕು.

ಇಸವಿಗಳಲ್ಲಿ ಎಚ್ಚರ ಬೇಕು. ಬಹಮನಿ ರಾಜ್ಯ ಕಲಬುರಗಿಯಲ್ಲಿ 1347ರಲ್ಲಿ ಸ್ಥಾಪನೆಯಾಯಿತು ಎಂಬುದರಲ್ಲಿ ಗೊಂದಲವಿಲ್ಲ. ರಾಜಧಾನಿ ಬೀದರ್‌ಗೆ ಹೋದ ವರ್ಷವನ್ನು ಮಾತ್ರ ಪುಸ್ತಕಗಳು ಬೇರೆ ಬೇರೆಯಾಗಿ ಹೇಳುತ್ತವೆ. ಅಂಥಲ್ಲಿ ‘1420ರ ದಶಕದಲ್ಲಿ’ ಎಂದು ಬರೆಸಿ. ಪ್ರತಿ ಸಂಖ್ಯೆಯ ಪಕ್ಕ ಅದು ಎಲ್ಲಿ ಸಿಕ್ಕಿತೆಂದು ಕರಡಿನಲ್ಲಿ ಮಗು ನಮೂದಿಸಲೇಬೇಕು.

ಹೊಣೆಗಾರರು ಊರಲ್ಲೇ ಸಿಗುತ್ತಾರೆ. ಬಿದ್ರಿಗೆ ಕುಶಲಕರ್ಮಿ, ತೊಗರಿಗೆ ಕೃಷಿ ವಿಜ್ಞಾನ ಕೇಂದ್ರದವರು, ಸನ್ನತಿಯ ಅಶೋಕ ಶಾಸನಕ್ಕೆ ಇತಿಹಾಸದ ಅಧ್ಯಾಪಕರು. ಪುಟವನ್ನು ಮುದ್ರಿಸಿ ಕೈಗೆ ಕೊಡಿ, ಪೆನ್ನಿನಲ್ಲಿ ತಿದ್ದಿಸಿ ತನ್ನಿ. ಆಮೇಲೆ ಆ ವಿಷಯ ಗೊತ್ತಿಲ್ಲದ ಬೇರೆ ತರಗತಿಯ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅದು ತಡವರಿಸಿದ ವಾಕ್ಯವನ್ನೆಲ್ಲ ಮುರಿದು ಬರೆಯಿರಿ.

ಚಿತ್ರ, ಜಾಲ

ಮೊಬೈಲ್ ಫೋಟೊ ಏರುತ್ತಿಲ್ಲವೆಂದರೆ ಪಿಎಚ್‌ಪಿಯ ಮೂಲ ಮಿತಿ 2 ಎಂಬಿ ಅಡ್ಡ ಬಂದಿರುತ್ತದೆ. ಮಿತಿ ಹೆಚ್ಚಿಸುವ ಬದಲು ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಜೊತೆಗೆ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ. ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ನ ಚಿತ್ರವಾದರೆ ತೆಗೆದವರ ಹೆಸರು, ಪರವಾನಗಿ ಕೆಳಗಿರಲಿ.

ಕಂಪ್ಯೂಟರಿಗೆ ರೂಟರ್‌ನಲ್ಲಿ ಕಾಯಂ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡಿ, ಇಲ್ಲವಾದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು. ಫೋನ್ ವೈಫೈಗೆ ಸೇರಿದರೂ ಪುಟ ತೆರೆಯದಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ಇಂಟರ್‌ನೆಟ್ ಇಲ್ಲದ ವೈಫೈ ಕಂಡರೆ ಫೋನ್ ಸದ್ದಿಲ್ಲದೆ ಡೇಟಾಕ್ಕೆ ಜಿಗಿಯುತ್ತದೆ.

ಅದೇ ಯಂತ್ರದಲ್ಲಿ ‘ಕಿವಿಕ್ಸ್’ ಎಂಬ ಆಫ್‌ಲೈನ್ ಓದುವ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯ, ಸರಳ ಇಂಗ್ಲಿಷ್ ವಿಕಿಪೀಡಿಯಗಳ ಆಫ್‌ಲೈನ್ ಪ್ರತಿಯನ್ನೂ ಇಡಬಹುದು. ಒಂದೇ ಯಂತ್ರದ ಎರಡು ಸೇವೆಗಳಿಗೆ ಬೇರೆ ಬೇರೆ ಪೋರ್ಟ್ (ಬಾಗಿಲ ಸಂಖ್ಯೆ) ಬೇಕು: ಡೋಕುವಿಕಿ 80ನೇ ಪೋರ್ಟ್‌ನಲ್ಲಿದ್ದರೆ ಕಿವಿಕ್ಸ್‌ಗೆ 8080 ಕೊಡಿ. ದೊಡ್ಡ ಕಡತ ಪೆನ್‌ಡ್ರೈವ್‌ಗೆ ಹೋಗದೆ ನಿಂತರೆ ಅದು ‘ಫ್ಯಾಟ್32’ ಆಗಿದೆ ಎಂದು ತಿಳಿಯಿರಿ. ಅದು 4 ಜಿಬಿ ಮೀರಿದ ಕಡತ ಹಿಡಿಯದು, ‘ಎಕ್ಸ್‌ಫ್ಯಾಟ್’ ಮಾಡಿಕೊಳ್ಳಿ.

ಕೋಶವನ್ನು ಮುಂದೆ ಇಂಟರ್‌ನೆಟ್‌ಗೆ ಏರಿಸುವ ಆಸೆ ಇದ್ದರೆ ಖಾತೆಗಳನ್ನು ಮೊದಲ ದಿನದಿಂದಲೇ ಗುಂಪಿನ ಹೆಸರಿನಲ್ಲಿ, ‘ಭೀಮಾ-7’, ‘ಕಾಗಿಣಾ-8’ ಎಂಬಂತೆ ತೆರೆಯಿರಿ. ಪುಟದ ತಿದ್ದುಪಡಿ ಇತಿಹಾಸದಲ್ಲಿ ಬಳಕೆದಾರರ ಹೆಸರು ಕಾಯಂ ಉಳಿಯುತ್ತದೆ, ಮಕ್ಕಳ ನಿಜ ಹೆಸರು ಅಲ್ಲಿ ಸೇರಿದರೆ ಒಂದೊಂದಾಗಿ ಹೆಕ್ಕಿ ತೆಗೆಯುವುದು ಭಾರೀ ಕಷ್ಟ.