ಶಬ್ದ ಹೆಕ್ಕುವ ಕೆಲಸ: ಉತ್ತರ ಕನ್ನಡದ ಅಪರೂಪದ ಮಾತುಗಳನ್ನು ಸಂಗ್ರಹಿಸುವ ಬಗೆ

ಕೇಳಿದ ಕೂಡಲೇ ಅರ್ಥವಾಗದ್ದು ಮಾತ್ರ ಅಪರೂಪದ ಶಬ್ದ ಎಂದುಕೊಂಡು ಹೊರಟರೆ ಪಟ್ಟಿ ಬೇಗ ಮುಗಿದುಹೋಗುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚಾಗಿ ಕೈತಪ್ಪುವುದು ನಮಗೆ ಗೊತ್ತಿದೆ ಎನಿಸುವ ಶಬ್ದಗಳೇ. ಶಿರಸಿ ಸೀಮೆಯ ತೋಟಿಗರು ‘ಬೆಟ್ಟಕ್ಕೆ ಹೋಗಿದ್ದೆ’ ಅಂದರೆ ಗುಡ್ಡ ಹತ್ತಿದರು ಎಂದಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದಕ್ಕೆಂದು ತೋಟದ ಲೆಕ್ಕದಲ್ಲಿ ಬಿಟ್ಟುಕೊಟ್ಟ ಕಾಡಿನ ಜಾಗ ಅದು. ನೆಲ ಸಪಾಟಾಗಿದ್ದರೂ ಬೆಟ್ಟವೇ. ಇಲ್ಲಿನ ಬ್ರಾಹ್ಮಣ ಸಮುದಾಯವಾದ ಹವ್ಯಕರ ಮನೆಯಲ್ಲಿ ‘ಕೂಸು’ ಅಂದರೆ ಹುಡುಗಿ, ಕಾಲೇಜಿಗೆ ಹೋಗುವವಳೂ ಕೂಸೇ. ‘ಹನಿ ತಡಿ’ ಅಂದರೆ ಸ್ವಲ್ಪ ತಡೆ. ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳಲ್ಲಿ ‘ಕಗ್ಗ’ ಅಂದರೆ ಉಪ್ಪುನೀರು ತಾಳಿಕೊಳ್ಳುವ ಭತ್ತ. ಯಕ್ಷಗಾನದವರ ‘ಚೌಕಿ’ ಪೊಲೀಸರದ್ದಲ್ಲ, ವೇಷ ಕಟ್ಟುವ ಜಾಗ. ಇಂಥವನ್ನು ಹಿಡಿಯಬೇಕಾದರೆ ಶಬ್ದದ ಹಿಂದೆ ಹೋಗದೆ, ಇಡೀ ವಾಕ್ಯವನ್ನೂ ಅದನ್ನು ಆಡಿದ ಸಂದರ್ಭವನ್ನೂ ಹಿಡಿಯಬೇಕು. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

ಸಾಮಾನು

ಹೆಚ್ಚೇನೂ ಬೇಡ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್, ಎರಡು ಪೆನ್ಸಿಲ್, ಧ್ವನಿ ಮುದ್ರಿಸಿಕೊಳ್ಳಲು ಮೊಬೈಲ್, ಮನೆಯಲ್ಲಿ ಐದು ಇಂಚು ಉದ್ದ ಮೂರು ಇಂಚು ಅಗಲದ ಚೀಟಿಗಳ ಕಟ್ಟು. ಪೆನ್ಸಿಲ್ಲೇ ಯಾಕೆಂದರೆ ಮಳೆಗಾಲದಲ್ಲಿ ಜೆಲ್ ಪೆನ್ನಿನ ಶಾಯಿ ಒಂದೇ ತೊಟ್ಟು ನೀರಿಗೆ ಹರಡಿಹೋಗುತ್ತದೆ. ಚೀಟಿಗಳನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ, ಕರಾವಳಿಯ ಥಂಡಿಗೆ ಕಾಗದ ಬೂಸು ಹಿಡಿಯುತ್ತದೆ.

ಮೊಬೈಲಿನ ಧ್ವನಿಮುದ್ರಣವನ್ನು ವೇವ್ (WAV) ರೂಪದಲ್ಲಿ, 44.1 ಕಿಲೋಹರ್ಟ್ಜ್, 16 ಬಿಟ್, ಮೊನೊ ಎಂದು ಹೊಂದಿಸಿ. ನಿಮಿಷಕ್ಕೆ ಸುಮಾರು 5 ಎಂಬಿ, ಗಂಟೆಗೆ 300 ಎಂಬಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಪಂಚೆಯ ಮೇಲೆ, ಮಾತಾಡುವವರಿಂದ ಒಂದು ಅಡಿಯೊಳಗೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಮುದ್ರಣವಾಗುತ್ತದೆ. ಕಡಲ ದಂಡೆಯಲ್ಲಿ ಮುದ್ರಿಸಬೇಡಿ. ಕಿವಿಗೆ ಹಿತವಾದ ಗಾಳಿ ಫೋನಿಗೆ ಬರೀ ಗೊರಗೊರ. ಮುದ್ರಿಸಿದ್ದನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಧ್ವನಿಸಂದೇಶವಾಗಿ ಹೋದದ್ದು ಕುಗ್ಗಿ, ಉಚ್ಚಾರದ ಸೂಕ್ಷ್ಮ ವ್ಯತ್ಯಾಸ ಮಸುಕಾಗಬಹುದು.

ಯಾವಾಗ, ಎಲ್ಲಿ

ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿರುವ ಹೊತ್ತು ಒಳ್ಳೆಯದು. ಘಟ್ಟದ ಮೇಲೆ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು) ಮುಗಿದು ಅಡಿಕೆ ಸುಲಿಯಲು ಕೂತ ರಾತ್ರಿಗಳಿಗೆ ಸಮವಾದ ಹೊತ್ತು ಇನ್ನೊಂದಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತವರು ನಿಮ್ಮನ್ನು ಮರೆತು ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ, ನಿಜವಾದ ಆಡುಮಾತು ಅಲ್ಲಿ ಬರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನವರು ಊರಲ್ಲೇ ಬಲೆ ನೇಯುತ್ತ, ಹರಿದದ್ದು ಸರಿಮಾಡುತ್ತ ಇರುತ್ತಾರೆ. ಬಲೆಯ ಕಣ್ಣು, ಹಗ್ಗ, ಗುಂಡು, ಬೆಂಡು ಒಂದೊಂದಕ್ಕೂ ಹೆಸರು ಕೇಳಲು ಇದೇ ಕಾಲ. ತೊಡಕೆಂದರೆ ಅದೇ ಎರಡು ತಿಂಗಳು ಮಳೆಯೂ ಜೋರು. ತಗಡಿನ ಮಾಡಿನ ಕೆಳಗೆ ಏನೂ ಕೇಳಿಸುವುದಿಲ್ಲ. ಹೆಂಚಿನ ಮನೆಯ ಒಳಕೋಣೆ ನೋಡಿಕೊಳ್ಳಿ, ಇಲ್ಲವಾದರೆ ಮುದ್ರಣದ ಆಸೆ ಬಿಟ್ಟು ಬರೆದುಕೊಳ್ಳಿ.

ಹೇಳುವವರ ಊರನ್ನು ಎರಡು ಸಲ ಕೇಳಬೇಕು: ಹುಟ್ಟಿ ಬೆಳೆದದ್ದೆಲ್ಲಿ, ಈಗಿರುವುದೆಲ್ಲಿ. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳಿವೆ. ಅವರ ಮಾತನ್ನು ಈಗಿನ ವಿಳಾಸದ ಲೆಕ್ಕಕ್ಕೆ ಹಾಕಿದರೆ ಎರಡೂ ಊರಿನ ದಾಖಲೆ ಕೆಡುತ್ತದೆ. ಮದುವೆಯಾಗಿ ಬಂದ ಹೆಂಗಸರ ವಿಷಯದಲ್ಲಂತೂ ತವರಿನ ಊರು ಬರೆಯದೆ ಚೀಟಿ ಪೂರ್ತಿಯಾಗುವುದೇ ಇಲ್ಲ.

ಕೇಳುವುದು

‘ನಿಮ್ಮ ಕಡೆಯ ಅಪರೂಪದ ಶಬ್ದ ಹೇಳಿ’ ಎಂದು ಕೇಳಿದರೆ ಎಂಥ ಮಾತುಗಾರರೂ ಸುಮ್ಮನಾಗುತ್ತಾರೆ. ಅವರ ಪಾಲಿಗೆ ಅದು ದಿನದ ಶಬ್ದ. ‘ಇದಕ್ಕೆ ಏನಂತಾರೆ?’ ಎಂಬ ಪ್ರಶ್ನೆಗೂ ಅಷ್ಟೇ: ಹೊರಗಿನವರು ಕೇಳುತ್ತಿದ್ದಾರೆ ಎಂದು ಶಾಲೆಯ ಕನ್ನಡದ ಶಬ್ದ ಕೊಡುತ್ತಾರೆ. ಕಾರವಾರದಲ್ಲಿ ಕೊಂಕಣಿಯವರು ನಿಮಗಾಗಿ ಕನ್ನಡಕ್ಕೆ ತಿರುಗುತ್ತಾರೆ, ಹವ್ಯಕರು ‘ಇದ್ದು’ ಬಿಟ್ಟು ‘ಇದೆ’ ಅನ್ನತೊಡಗುತ್ತಾರೆ. ಆದ್ದರಿಂದ ಮನೆಯವರಲ್ಲೇ ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಅಜ್ಜಿ ಮೊಮ್ಮಗಳಿಗೆ ಹೇಳಲಿ, ನೀವು ಕೇಳಿಸಿಕೊಳ್ಳಿ.

ಹೆಸರು ಕೇಳುವುದಕ್ಕಿಂತ ಕೆಲಸ ಕೇಳಿ. ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿ ಮಾಡುವುದು ಹೇಗೆ ಎಂದರೆ ಗಡಿಗೆಯನ್ನು ಬೆಂಕಿಯ ಮೇಲೆ ಬೋರಲು ಹಾಕುವುದರಿಂದ ಹಿಡಿದು, ಕಬ್ಬಿನಹಾಲು ಬೆರೆಸಿದ ಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಬಳಿಯುವುದು, ಎಬ್ಬಿಸುವುದು, ಮಡಚುವುದು ಎಲ್ಲದಕ್ಕೂ ಅವರ ಕ್ರಿಯಾಪದಗಳು ತಾವಾಗಿ ಬರುತ್ತವೆ. ಆಮೇಲೆ ಕೇಳಬೇಕಾದ ಮುಖ್ಯ ಪ್ರಶ್ನೆ: ‘ಸರಿಯಾಗದಿದ್ದರೆ ಏನಾಗ್ತದೆ?’ ಹಿಟ್ಟು ನೀರಾದರೆ, ಗಡಿಗೆ ಕಾಯದಿದ್ದರೆ, ಎಬ್ಬಿಸುವಾಗ ಹರಿದರೆ. ಕೆಟ್ಟದ್ದನ್ನು ಹೇಳುವ ಶಬ್ದಗಳು ಪುಸ್ತಕಕ್ಕೆ ಹೋಗುವುದು ಕಡಿಮೆ. ಅಪರೂಪದವು ಸಿಗುವುದು ಹೆಚ್ಚಾಗಿ ಅಲ್ಲೇ. ಕೊಳೆ ಬಂದ ಅಡಿಕೆ, ಸಿಕ್ಕು ಬಿದ್ದ ಬಲೆ, ಹುಳಿ ಹೆಚ್ಚಾದ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು), ಎಲ್ಲಕ್ಕೂ ಇದೇ ಪ್ರಶ್ನೆ ನಡೆಯುತ್ತದೆ.

ನೆಲದ ಹೆಸರುಗಳಿಗೆ ಜೊತೆಯಲ್ಲಿ ನಡೆಯಲೇಬೇಕು. ಬೆಟ್ಟ, ಬೇಣ, ಕಾನು, ಹಕ್ಕಲು, ಜಡ್ಡಿ ಇವನ್ನೆಲ್ಲ ಮನೆಯಲ್ಲಿ ಕೂತು ಕೇಳಿದರೆ ‘ಎಲ್ಲ ಕಾಡೇ’ ಎಂಬ ಉತ್ತರ ಬರುತ್ತದೆ. ಬೇಣದಲ್ಲಿ ನಿಂತು ‘ಇದು ಬೆಟ್ಟ ಯಾಕಲ್ಲ?’ ಎಂದು ಕೇಳಿದಾಗ ಹುಲ್ಲು ಯಾರದ್ದು, ಸೊಪ್ಪು ಕಡಿಯುವ ಹಕ್ಕು ಯಾರದ್ದು, ದನ ಎಲ್ಲಿಯವರೆಗೆ ಬಿಡಬಹುದು ಎಂದೆಲ್ಲ ಬಿಡಿಸಿ ಹೇಳುತ್ತಾರೆ. ಅರ್ಥ ಅಂದರೆ ಅದು. ‘ಬೇಣ: ಹುಲ್ಲುಗಾವಲು’ ಎಂದು ಬರೆದು ಮುಗಿಸಿದರೆ ಅರ್ಧ ಬಿಟ್ಟಂತೆ. ಬೇಣಕ್ಕೂ ಬೆಟ್ಟಕ್ಕೂ, ಹಕ್ಕಲಿಗೂ ಜಡ್ಡಿಗೂ ಇರುವ ವ್ಯತ್ಯಾಸವನ್ನೇ ಚೀಟಿಯಲ್ಲಿ ಬರೆಯಿರಿ.

ಮೀನಿನ ಹೆಸರಿಗೆ ಅಡ್ಡಲಾಗಿ ಮಲಗಿಸಿದ ಮೀನಿನ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಇರಲೇಬೇಕು. ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ. ಸಿಗಡಿ ಒಬ್ಬರಿಗೆ ಶೆಟ್ಲಿ, ಇನ್ನೊಬ್ಬರಿಗೆ ಸುಂಗಟ. ಒಂದೇ ಮೀನಿಗೆ ಮರಿಯಾಗಿದ್ದಾಗ ಒಂದು ಹೆಸರು, ಬೆಳೆದ ಮೇಲೆ ಇನ್ನೊಂದು ಇರುವುದೂ ಉಂಟು. ಅಡಿಕೆಯಲ್ಲಿ ಈ ಗೊಂದಲ ಬೇರೆ ರೀತಿಯದು. ಶಿರಸಿ ಮಾರುಕಟ್ಟೆಯ ದರಪಟ್ಟಿ ನೋಡಿ: ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಚಿಪ್ಪು, ಕೋಕಾ. ಇವು ವ್ಯಾಪಾರದ ಹೆಸರುಗಳು. ಅಂಗಳದಲ್ಲಿ ಅಡಿಕೆ ಆರಿಸುವವರು ಇವನ್ನೇ ಇನ್ನೂ ಸಣ್ಣದಾಗಿ ಒಡೆದು ಹೆಸರಿಟ್ಟಿರಬಹುದು. ಅಂಗಳದ್ದನ್ನೂ ಮಂಡಿಯದ್ದನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ.

ಒಂದು ಕೂಟ ನಲವತ್ತು ನಿಮಿಷ ಸಾಕು. ಹದಿನೈದು ಶಬ್ದ ಚೆನ್ನಾಗಿ ಸಿಕ್ಕರೆ ಅದು ತುಂಬಿದ ದಿನ. ಹಿರಿಯರನ್ನು ಏನೆಂದು ಕರೆಯಬೇಕೆಂದು ಮೊದಲೇ ಮನೆಯವರಲ್ಲಿ ಕೇಳಿಟ್ಟುಕೊಳ್ಳಿ. ಗೌಡ್ರೇ, ನಾಯ್ಕರೇ, ಹೆಗಡೇರೇ, ಅಮ್ಮ, ಅಕ್ಕ, ಯಾವುದು ಅಲ್ಲಿ ಸಲ್ಲುತ್ತದೋ ಅದು. ಮನೆಗೆ ಹೋದಾಗ ಆಸರಿಗೆ (ಕುಡಿಯಲು ಏನಾದರೂ) ಕೊಟ್ಟರೆ ಬೇಡವೆನ್ನಬೇಡಿ. ಮಾತು ಸಡಿಲವಾಗುವುದು ಲೋಟ ಕೈಗೆ ಬಂದ ಮೇಲೆ.

ಚೀಟಿ

ಅದೇ ದಿನ ರಾತ್ರಿ ಚೀಟಿ ತುಂಬಬೇಕು. ನಾಳೆಗಿಟ್ಟರೆ ವಾಕ್ಯ ಮರೆತು ಶಬ್ದ ಮಾತ್ರ ಉಳಿಯುತ್ತದೆ. ಒಂದು ಚೀಟಿಗೆ ಒಂದೇ ಶಬ್ದ. ಮಾದರಿ ಹೀಗೆ:

ಶಬ್ದ: ಕವಳ
ವಾಕ್ಯ: ಒಂದು ಕವಳ ಹಾಕಿಕ್ಕಿ ಹೋಗು.
ಅರ್ಥ: ಎಲೆ, ಅಡಿಕೆ, ಸುಣ್ಣ ಸೇರಿದ ವೀಳ್ಯ, ಅಗಿಯುವುದಕ್ಕೆ ‘ಹಾಕು’ ಎಂಬ ಕ್ರಿಯಾಪದ. ಗ್ರಂಥಗಳ ‘ತುತ್ತು’ ಎಂಬ ಅರ್ಥದಲ್ಲಿ ಅಲ್ಲ.
ಸಂದರ್ಭ: ಹೊರಟು ನಿಂತ ನೆಂಟರಿಗೆ ಮನೆಯ ಹಿರಿಯರು.
ರೂಪ: ಕವಳಕ್ಕೆ, ಕವಳದ
ಹೇಳಿದವರು: ಸಂಕೇತಾಕ್ಷರ, ವಯಸ್ಸಿನ ದಶಕ, ಕಸುಬು, ಹುಟ್ಟೂರು, ಈಗಿನ ಊರು, ತಾಲೂಕು
ಧ್ವನಿ: ಕಡತದ ಹೆಸರು, ನಿಮಿಷ
ಖಚಿತಪಡಿಸಿದವರು: (ಖಾಲಿ)

‘ರೂಪ’ ಎಂಬ ಸಾಲನ್ನು ಬಿಟ್ಟುಬಿಡುವವರೇ ಹೆಚ್ಚು. ನಾಮಪದವಾದರೆ ‘-ಗೆ/-ಕ್ಕೆ’ ರೂಪ, ಕ್ರಿಯಾಪದವಾದರೆ ಭೂತಕಾಲ ಮತ್ತು ಆಜ್ಞೆಯ ರೂಪ ಕೇಳಿ ಬರೆಯಿರಿ. ‘ಬರು’ ಎಂದಷ್ಟೇ ಬರೆದುಕೊಂಡರೆ ‘ಬಂದಿದ್ದಾನೆ’ ಎನ್ನುವುದಕ್ಕೆ ಶಿರಸಿ, ಸಿದ್ದಾಪುರದ ಹವ್ಯಕರು ‘ಬೈಂದ’ ಎನ್ನುತ್ತಾರೆಂಬ ಸಂಗತಿ ಎಲ್ಲಿಯೂ ದಾಖಲಾಗುವುದಿಲ್ಲ.

ನುಡಿಗಟ್ಟಿಗೆ ಒಂದು ವಾಕ್ಯ ಸಾಲದು. ‘ಅಡ್ಡಿಲ್ಲೆ’ ತೆಗೆದುಕೊಳ್ಳಿ. ‘ನಾನೂ ಬರ್ಲಾ?’ ಎಂದದ್ದಕ್ಕೆ ಅಡ್ಡಿಲ್ಲೆ ಅಂದರೆ ಬರಬಹುದು. ‘ಜ್ವರ ಹೇಗಿದೆ?’ ಅಂದದ್ದಕ್ಕೆ ಅಡ್ಡಿಲ್ಲೆ ಅಂದರೆ ಈಗ ಪರವಾಗಿಲ್ಲ. ‘ಆಟ ಹೇಗಾಯ್ತು?’ ಅಂದದ್ದಕ್ಕೆ ಅಡ್ಡಿಲ್ಲೆ ಅಂದರೆ ಚೆನ್ನಾಗೇ ಆಯಿತು. ದನಿ ಇಳಿಸಿ ಹೇಳಿದರೆ ಅಷ್ಟಕ್ಕಷ್ಟೆ. ಕನಿಷ್ಠ ಮೂರು ಸಂದರ್ಭ, ಯಾರು ಯಾರಿಗೆ ಹೇಳಿದ್ದು, ದನಿ ಹೇಗಿತ್ತು ಎಂಬಷ್ಟು ಇಲ್ಲದೆ ನುಡಿಗಟ್ಟಿನ ಚೀಟಿಯನ್ನು ಡಬ್ಬಕ್ಕೆ ಹಾಕಬೇಡಿ. ಅದೇ ಮಾತು ಹವ್ಯಕೇತರರ ಬಾಯಲ್ಲಿ ‘ಅಡ್ಡಿಲ್ಲ’ ಆಗುತ್ತದೆ, ಆ ರೂಪಕ್ಕೂ ಚೀಟಿ ಬೇಕು.

ಹಾಡಿನಿಂದ ತೆಗೆದ ಶಬ್ದಕ್ಕೆ ‘ಹಾಡು’ ಎಂದು ಗುರುತು ಹಾಕಿ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದದ್ದು ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳ ದೊಡ್ಡ ಭಂಡಾರವನ್ನು ನೆನಪಿನಲ್ಲಿ ಉಳಿಸಿಕೊಂಡು ಬಂದದ್ದಕ್ಕೆ. ಹಾಡಿನಲ್ಲಿ ಬಾಳುವ ಶಬ್ದ ಮಾತಿನಿಂದ ಎಂದೋ ಹೋಗಿರಬಹುದು. ಎರಡನ್ನೂ ಬೆರೆಸಿದರೆ ಇಂದಿನ ಹಾಲಕ್ಕಿ ಮಾತಿನ ಬಗ್ಗೆ ತಪ್ಪು ಚಿತ್ರ ಬರುತ್ತದೆ.

ಬರಹದ ತೊಡಕು

ಕನ್ನಡ ಲಿಪಿಯಲ್ಲಿ ‘ಎ’ಗೂ ‘ಆ’ಗೂ ನಡುವಿನ ಬಾಯ್ದೆರೆದ ಸ್ವರಕ್ಕೆ ಅಕ್ಷರವಿಲ್ಲ, ಪದದ ಕೊನೆಯ ಅರ್ಧ ಉಕಾರಕ್ಕೂ ಇಲ್ಲ. ಕೊಂಕಣಿಯ ಶಬ್ದ ಬರೆಯುವಾಗ ಇದು ಹೆಜ್ಜೆಹೆಜ್ಜೆಗೆ ಕಾಡುತ್ತದೆ. ನಿಮ್ಮದೇ ಎರಡು ಗುರುತು ಇಟ್ಟುಕೊಳ್ಳಿ, ಡಬ್ಬದ ಮೊದಲ ಚೀಟಿಯಲ್ಲಿ ಅವುಗಳ ವಿವರಣೆ ಬರೆದಿಡಿ, ಮತ್ತೆ ಬದಲಿಸಬೇಡಿ. ‘ಎಂತ–ಯಂತ’, ‘ಹಸಿ–ಹಶಿ’ ಥರದವು ಎರಡೆರಡು ಕಡೆ ನುಸುಳುತ್ತವೆ. ಮುಖ್ಯ ಶಬ್ದವಾಗಿ ಒಂದನ್ನು ಆರಿಸಿ, ಇನ್ನೊಂದರ ಚೀಟಿಯಲ್ಲಿ ‘ನೋಡಿ’ ಎಂದು ಸೂಚಿಸಿ.

ಕಂಪ್ಯೂಟರಿಗೆ ಏರಿಸುವಾಗ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಅಕ್ಷರಶೈಲಿಯಲ್ಲಿ ಮಾಡಿದ ಪಟ್ಟಿ ಅಕಾರಾದಿಗೆ ಬರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಧ್ವನಿ ಕಡತಗಳಿಗೆ ವರ್ಷ-ತಿಂಗಳು-ದಿನ-ಊರು-ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಡಿ: 2025-06-14-ಕುಮಟಾ-03. ವರ್ಷ ಮೊದಲಿದ್ದರೆ ಕಡತಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ.

ತಾಳೆ ನೋಡುವುದು

ಒಬ್ಬರು ಹೇಳಿದ ಶಬ್ದ ಇನ್ನೂ ಶಬ್ದವಲ್ಲ. ಅದು ಆ ಮನೆಯ ತಮಾಷೆಯೂ ಇರಬಹುದು. ಬೇರೆ ಮನೆಯ ಇನ್ನೊಬ್ಬರಲ್ಲಿ ಕೇಳಿ. ಆದರೆ ‘ಕವಳ ಅಂದರೆ ವೀಳ್ಯ ಅಲ್ವಾ?’ ಎಂದು ಕೇಳಿದರೆ ‘ಹೌದು’ ಎಂದೇ ಬರುತ್ತದೆ. ‘ಕವಳ ಅಂದರೆ ಎಂತದು?’ ಎಂದು ಕೇಳಿ, ಸುಮ್ಮನಿರಿ. ಮೂರನೆಯವರು ಬೇರೆ ತಾಲೂಕಿನವರಿದ್ದರೆ ಶಬ್ದದ ಹರವೂ ತಿಳಿಯುತ್ತದೆ.

ಅದಾದ ಮೇಲೆ ನಿಘಂಟು. ಕಿಟ್ಟೆಲ್ಲರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು, ಎರಡನ್ನೂ ನೋಡಿ. ನಿಘಂಟಿನಲ್ಲಿ ಸಿಕ್ಕಿತೆಂದು ಚೀಟಿ ಹರಿಯಬೇಡಿ. ಶಬ್ದ ಅಲ್ಲಿದ್ದು ಅರ್ಥ ಬೇರೆ ಇದ್ದರೆ ಆ ಚೀಟಿಯ ಬೆಲೆ ಹೆಚ್ಚೇ.

ಮೂಲ ಹೇಳುವ ಆತುರ ಬೇಡ. ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಗಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದದ್ದರಿಂದ ಕಚೇರಿಯ ಮಾತಿನಲ್ಲಿ, ಹಳೆಯ ಕಾಗದಪತ್ರದಲ್ಲಿ ಮರಾಠಿ ಬಹಳ. ಅದು ನಿಜವೇ. ಆದರೆ ಚಾವಿ, ಬಾಲ್ದಿ, ಮೇಜು, ಇಸ್ತ್ರಿ ಪೋರ್ಚುಗೀಸಿನಿಂದ ಬಂದವು, ಗೋವಾ ಪಕ್ಕದಲ್ಲಿದೆ, ಆದ್ದರಿಂದ ಇವು ಕಾರವಾರದ ದಾರಿಯಲ್ಲೇ ಬಂದವು ಎಂದು ಬರೆದರೆ ತಪ್ಪು. ಈ ಶಬ್ದಗಳು ಭಾರತದ ಎಷ್ಟೋ ಭಾಷೆಗಳಲ್ಲಿವೆ. ಊರವರು ಹೇಳುವ ಮೂಲದ ಕತೆಯನ್ನು ಬಿಡದೆ ಬರೆದುಕೊಳ್ಳಿ, ‘ಊರಿನ ಹೇಳಿಕೆ’ ಎಂಬ ಹೆಸರಿನಲ್ಲಿ.

ಮುದ್ರಣದ ಆರಂಭದಲ್ಲೇ ಒಪ್ಪಿಗೆ ಕೇಳಿ, ಆ ಉತ್ತರವೂ ಮುದ್ರಣದಲ್ಲಿರಲಿ. ಜಾತಿಯನ್ನು ಹೀಗಳೆಯುವ ಬೈಗುಳ, ಪೂಜೆಯಲ್ಲಿ ಮಾತ್ರ ಆಡುವ ಮಾತು, ಒಬ್ಬರ ಅಡ್ಡಹೆಸರು ಇವುಗಳಿಗೆ ಬೇರೆ ಡಬ್ಬ. ಸಂಬಂಧಪಟ್ಟವರು ಒಪ್ಪದೆ ಹೊರಗೆ ಹಾಕುವಂತಿಲ್ಲ. ಧ್ವನಿಯ ಪ್ರತಿ ಮೂರು ಕಡೆ ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ನಂಬಿಕಸ್ಥರ ಮನೆಯಲ್ಲಿ ಒಂದು. ನೂರು ಚೀಟಿಯಾದಾಗ ದೊಡ್ಡ ಅಕ್ಷರದಲ್ಲಿ ಪಟ್ಟಿ ಮುದ್ರಿಸಿ, ಬಲಗಡೆ ಮೂರು ಇಂಚು ಖಾಲಿ ಬಿಟ್ಟು, ಹೇಳಿದವರ ಮನೆಗಳಿಗೆ ಒಂದೊಂದು ಪ್ರತಿ ಜೊತೆಗೊಂದು ಪೆನ್ಸಿಲ್ ಕೊಟ್ಟು ಬನ್ನಿ. ತಿದ್ದುಪಡಿ, ಬಿಟ್ಟುಹೋದ ಶಬ್ದ ಎಲ್ಲ ಆ ಖಾಲಿ ಜಾಗದಲ್ಲಿ ಬರುತ್ತವೆ. ಹದಿನೈದು ದಿನ ಬಿಟ್ಟು ಹೋಗಿ ತೆಗೆದುಕೊಂಡು ಬರಬಹುದು.